ಬಾರದ ಹೆಸರು
1987. ಸೋದರಮಾವ ಶಾಂತಿಪಾಲನಾ ಪಡೆಯೊಂದಿಗೆ ಶ್ರೀಲಂಕಾದಲ್ಲಿದ್ದ. ಇತ್ತ ಗದಗ ಹತ್ತಿರದ ಕಳಸಾಪುರದಲ್ಲಿ ಅಜ್ಜಿ ಸಂಜೆಯಾದರೆ ವಿವಿಧ ಭಾರತಿಯ ‘ಜಯಮಾಲಾ’ ಹಚ್ಚೋಳು. ಹಿಂದಿ ತಿಳೀತಿರಲಿಲ್ಲ, ಹಾಡು ಕೇಳಿ ಬರೆದ ಯೋಧರ ಹೆಸರಷ್ಟೇ ಬೇಕಿತ್ತು. “ಹೆಸರು ಬಂತಂದ್ರ ಅದಾನ ಅಂತ.”

ಆ ಪತ್ರಗಳು ಎಷ್ಟೋ ದಿನ ಹಳೆಯವು, ಹೆಸರು ಜೀವಕ್ಕೆ ಸಾಕ್ಷಿಯಲ್ಲ ಅಂತ ಮನೆಯವರಿಗೆಲ್ಲ ಗೊತ್ತು. ಯಾರೂ ಹೇಳಲಿಲ್ಲ. ಅದು ಸುಳ್ಳಾಯ್ತಾ? 1990ರ ಮಾರ್ಚಿನಲ್ಲಿ ಪಡೆ ವಾಪಸಾಗುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಯೋಧರು ತೀರಿಹೋಗಿದ್ದರು. ಹಾಡು ಯುದ್ಧ ನಿಲ್ಲಿಸಲ್ಲ. ತಡೆದುಕೊಳ್ಳೋ ಹಾಗೆ ಮಾಡುತ್ತೆ. ನನ್ನ ತಕರಾರೂ ಅದೇ.

ಮಾವ ಮರಳಿ ಬಂದ. ‘ಜಯಮಾಲಾ’ಕ್ಕೆ ಒಮ್ಮೆಯೂ ಪತ್ರ ಬರೆದಿರಲಿಲ್ಲವಂತೆ! ಅಜ್ಜಿ ನಕ್ಕಳು: “ಯಾರದೋ ಮಗಂದು ಬರ್ತಿತ್ತಲ್ಲ, ಸಾಕು.”

ವಾಟ್ಸಾಪ್‌ನ ನೀಲಿ ಗೆರೆಯಲ್ಲಿ ನಮ್ಮವರನ್ನಷ್ಟೇ ಹುಡುಕುವ ನನಗೆ, ಆ ಸಮಾಧಾನವನ್ನು ಸುಳ್ಳು ಅನ್ನೋ ಧೈರ್ಯವಿಲ್ಲ.