ಜೋಳದ ಕುಲ ಯಾವುದು?

ಎಳ್ಳಮಾಸಿಯ ದಿನ ಬೀದರ್ ಸೀಮೆಯ ಹೊಲಗಳಲ್ಲಿ ಬಜ್ಜಿ, ರೊಟ್ಟಿ, ಅಂಬಲಿ ಉಣ್ಣುವ ಮಂದಿಯನ್ನು ಕೇಳಿ ನೋಡಿ, ಇದು ಯಾರ ಊಟ ಅಂತ. 'ನಮ್ದೇ ರೀ, ಹಿರೇರ ಕಾಲದಿಂದ ಬಂದದ್ದು' ಅಂತಾರೆ. ನಿಜವೇ. ಆದರೆ ಆ ಜೋಳ ಹುಟ್ಟಿದ್ದು ಆಫ್ರಿಕಾದಲ್ಲಿ, ಸುಡಾನಿನ ಆಸುಪಾಸು. ಬಜ್ಜಿಯ ಹಸಿಮೆಣಸಿನಕಾಯಿ, ಜೊತೆಗಿನ ಶೇಂಗಾ ಹಿಂಡಿ ಎರಡರ ಮೂಲವೂ ಅಮೆರಿಕ ಖಂಡ. ಮೆಣಸಿನಕಾಯಿಯನ್ನು ಪೋರ್ಚುಗೀಸರು 16ನೇ ಶತಮಾನದಲ್ಲಿ ಹಡಗಿನಲ್ಲಿ ತಂದರು. ಕಲ್ಯಾಣದ ಯಾವ ಶರಣನೂ ಮೆಣಸಿನಕಾಯಿ ಕಡಿದವನಲ್ಲ! ತೊಗರಿ ಮಾತ್ರ ಈ ದೇಶದ ಕೂಸು.

ಪರದೇಶದ ಬೀಜಕ್ಕೆ ಯಾರೂ ಕುಲ ಕೇಳಲಿಲ್ಲ. ಬಿತ್ತಿದರು, ಬೆಳೆದರು, ದೇವರಿಗೆ ಎಡೆ ಹಿಡಿದರು. ಜೋಳದ ಹುಟ್ಟನ್ನು ಇಷ್ಟು ಸಲೀಸಾಗಿ ಮರೆತ ಸಮಾಜ, ಅದನ್ನು ಕೊಯ್ದು ರಾಶಿ ಮಾಡಿದ ಮನುಷ್ಯನ ಹುಟ್ಟನ್ನು ಮಾತ್ರ ಯಾಕೆ ಮರೆಯುವುದಿಲ್ಲ? ಆ ಕೈ ತೂರಿದ ಕಾಳು ಗೌಡನ ಕಣಜಕ್ಕೆ ಬರಬಹುದು. ಅದೇ ಕೈ ಬಡಿದ ರೊಟ್ಟಿ ಒಳಗೆ ಬರಕೂಡದು. ಕಣಕ್ಕೂ ಒಲೆಗೂ ನಡುವೆ ಕಾಳಿಗೆ ಏನಾಯಿತು? ಶಾಸ್ತ್ರ ಬಲ್ಲವರು ಯಾರಾದರೂ ಹೇಳಲಿ.

ಔರಾದಿನ ಗಡಿ ದಾಟಿದರೆ ಮರಾಠವಾಡ. ಅಲ್ಲಿನ ಮಹಾರ, ಮಾಂಗ ಕೇರಿಗಳ ಅಡುಗೆಯ ಬಗ್ಗೆ ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ ಪುಸ್ತಕ ತಂದರು. ಹೆಸರು 'ಅನ್ನ ಹೇ ಅಪೂರ್ಣಬ್ರಹ್ಮ'. ಅನ್ನವೇ ಪೂರ್ಣಬ್ರಹ್ಮ ಎನ್ನುವವರಿಗೆ ಹೆಸರಿನಲ್ಲೇ ಏಟು. ಬಿಸಿಲಿಗೆ ಒಣಗಿಸಿದ ಖಂಡ, ರಕ್ತ, ಕರುಳು ಈಕಡೆಯ ಹೊಲೆಯ, ಮಾದಿಗರ ಒಲೆಗೂ ಹೊಸದಲ್ಲ. ಖಾನಾವಳಿಯ 'ಉತ್ತರ ಕರ್ನಾಟಕ ಊಟ'ದಲ್ಲಿ ಇವು ಎಲ್ಲಿವೆ? ಹಾಗಂತ ಕೇರಿಯ ಹಸಿವನ್ನು ಹಾಡಿ ಹೊಗಳುವ ಚಟವೂ ಬೇಡ. ಸತ್ತ ದನ ಹೊರುವ ಕೆಲಸ ಹೇರಿದವರೇ, ಅದನ್ನು ತಿಂದವರನ್ನು ಹೊಲಸು ಅಂದರು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದದ್ದು ಮಾನಕ್ಕಾಗಿ. ರುಚಿಯ ಪ್ರಶ್ನೆ ಅಲ್ಲಿರಲಿಲ್ಲ.

ಶಾಲೆಯ ಬಿಸಿಯೂಟ 2002ರಲ್ಲಿ ಬೀದರ್ ಸೇರಿ ಏಳು ಜಿಲ್ಲೆಗಳಲ್ಲಿ ಮೊದಲು ಶುರುವಾಯಿತು. ಹೆಸರು 'ಅಕ್ಷರ ದಾಸೋಹ'. ದಾಸೋಹ ಶರಣರ ಮಾತು. ದಲಿತ ಹೆಂಗಸು ಬೇಯಿಸಿದಳೆಂದು ಮಕ್ಕಳಿಗೆ ಊಟ ಬಿಡಿಸಿದ ಸುದ್ದಿ ಆಮೇಲೆ ರಾಜ್ಯದ ಹಲವು ಊರುಗಳಿಂದ ಬಂದಿದೆ. ಮಾದಾರ ಚೆನ್ನಯ್ಯನ ಮನೆಯಲ್ಲಿ ಶಿವ ಅಂಬಲಿ ಉಂಡ ಕತೆಗೆ ಭಾಲ್ಕಿಯಲ್ಲೂ ಬೀದರಿನಲ್ಲೂ ತಲೆದೂಗದವರಿಲ್ಲ. ಮಾಸ್ತರರೇ, ಆ ಕತೆ ಹೇಳಿದ ದಿನ ಮಧ್ಯಾಹ್ನ ನೀವು ಯಾರ ಪಕ್ಕ ಉಣ್ಣಲು ಕೂತಿರಿ?