ಮೊದಲ ಎರಡು ಕಿಲೋಮೀಟರು

ರಾತ್ರಿಯಿಡೀ ನಿಂತ ಮೋಟಾರ್ ಸೈಕಲ್ಲಿನ ಇಂಜಿನ್ನಿನಲ್ಲಿ ಆಯಿಲ್ ಇರಬೇಕಾದ ಕಡೆ ಇರುವುದಿಲ್ಲ. ಹಿಂದಿನ ದಿನದ ಓಡಾಟದಲ್ಲಿ ಕ್ಯಾಮ್, ವಾಲ್ವ್, ಪಿಸ್ಟನ್ನುಗಳಿಗೆ ಹತ್ತಿಕೊಂಡಿದ್ದ ಆಯಿಲ್ ಬೆಳಗಾಗುವಷ್ಟರಲ್ಲಿ ಇಳಿದು ತಳ ಸೇರಿರುತ್ತದೆ. ಲೋಹದ ಮೇಲೆ ಉಳಿದಿರುವುದು ತೆಳ್ಳನೆಯ ಒಂದು ಪೊರೆ. ಸ್ವಿಚ್ ಒತ್ತಿದೊಡನೆ ಇಂಜಿನ್ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗತೊಡಗುತ್ತದೆ. ಆಯಿಲ್ ಮತ್ತೆ ಮೇಲೇರಿ ಮೂಲೆಮೂಲೆಗೂ ಮುಟ್ಟಲು ಇನ್ನೂ ಕೆಲವು ಸೆಕೆಂಡು ಬೇಕು. ಅಷ್ಟರಲ್ಲೇ ಆಕ್ಸಿಲರೇಟರ್ ತಿರುವಿ ಭರ್ರೆಂದು ಹೊರಟುಬಿಡುವವರು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ.

ಆಗ ಒಳಗೆ ನಡೆಯುವುದನ್ನು ತಿಳಿದರೆ ಕೈ ತಾನಾಗಿಯೇ ಹಗುರಾಗುತ್ತದೆ. ಹಳೆಯ ಬುಲೆಟ್ಟನ್ನೇ ನೋಡಿ. ಅದರ ಪಿಸ್ಟನ್ ಅಲ್ಯೂಮಿನಿಯಂ, ಪಿಸ್ಟನ್ ಓಡಾಡುವ ಬೋರ್ ಬೀಡುಕಬ್ಬಿಣ. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎರಡರ ನಡುವಿನ ಸಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಅದರಲ್ಲಿ ಕೆಲವೇ ಭಾಗ. ಪಿಸ್ಟನ್ ಬೇಗ ಕಾಯುತ್ತದೆ, ಬೋರ್ ತಡವಾಗಿ ಕಾಯುತ್ತದೆ. ಬೋರ್ ಇನ್ನೂ ತಣ್ಣಗಿರುವಾಗಲೇ ಜೋರು ಮಾಡಿದರೆ ಉಬ್ಬಿದ ಪಿಸ್ಟನ್‌ಗೆ ಜಾಗ ಸಾಲದೆ ಗೋಡೆಗೆ ಉಜ್ಜುತ್ತದೆ. ಇದರ ಮೇಲೆ, ತಣ್ಣನೆಯ ಇಂಜಿನ್ನಿನಲ್ಲಿ ಪೂರ್ತಿ ಆವಿಯಾಗದ ಪೆಟ್ರೋಲ್ ಹನಿಯಾಗಿ ಬೋರಿನ ಗೋಡೆಗೆ ಕೂತು, ಇದ್ದಬದ್ದ ಆಯಿಲನ್ನೂ ತೊಳೆದುಬಿಡುತ್ತದೆ.

ಪರಿಚಯದ ಮೆಕ್ಯಾನಿಕ್ ಒಬ್ಬರು ಹೀಗೆ ಸವೆದ ಬೋರೊಂದನ್ನು ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು ತೋರಿಸಿದ್ದರು. ಚೆನ್ನಾಗಿರುವ ಬೋರಿನಲ್ಲಿ ಓರೆಯಾಗಿ ಹಾಯ್ದುಹೋಗುವ ಸಣ್ಣ ಗೆರೆಗಳ ನೇಯ್ಗೆ ಕಾಣುತ್ತದೆ. ಆಯಿಲ್ ಹಿಡಿದಿಟ್ಟುಕೊಳ್ಳಲೆಂದೇ ಆ ಗೆರೆಗಳನ್ನು ಕೊರೆದಿರುತ್ತಾರೆ. ಇಲ್ಲಿ ಅವು ಅಳಿಸಿಹೋಗಿ, ಮೇಲಿಂದ ಕೆಳಕ್ಕೆ ಉದ್ದುದ್ದ ಗೀರುಗಳಾಗಿದ್ದವು. ಉಗುರು ಅಡ್ಡ ಎಳೆದರೆ ತಡೆಯುತ್ತಿತ್ತು. “ಇಂಜಿನ್ ರೋಡ್ ಮೇಲೆ ಹಾಳಾಗೋದು ಕಮ್ಮಿ ಸಾರ್, ಮನೆ ಮುಂದೇನೇ ಜಾಸ್ತಿ” ಎಂದರು. ಅದರಲ್ಲಿ ಒಂದು ಗೀರೂ ಬಿದ್ದ ದಿನ ಗೊತ್ತಾಗಿರಲಿಕ್ಕಿಲ್ಲ. ಗಾಡಿ ಅಂದೂ ಓಡಿರುತ್ತದೆ, ಮರುದಿನವೂ ಓಡಿರುತ್ತದೆ. ಅವಸರದ ಲೆಕ್ಕ ವರ್ಷಗಳ ಮೇಲೆ ಸೈಲೆನ್ಸರಿನ ನೀಲಿ ಹೊಗೆಯಾಗಿ ಹೊರಬಿದ್ದಾಗ, ಅದು ಯಾವ ಬೆಳಗಿನ ತಪ್ಪು ಎಂದು ಹೇಳುವವರು ಯಾರೂ ಇರುವುದಿಲ್ಲ. ಫಲ ತಡವಾಗಿ ಬರುವ ತಪ್ಪುಗಳನ್ನೇ ನಾವು ನಿಶ್ಚಿಂತೆಯಿಂದ ಮಾಡುತ್ತಿರುತ್ತೇವೆ.

ಹಾಗೆಂದು ಗಾಡಿ ಸ್ಟಾರ್ಟ್ ಮಾಡಿ ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಹೋಗಿ ಕಾಫಿ ಕುಡಿದು ಬರುವುದು ಜಾಣತನವೇ? ಅದೂ ಅಲ್ಲ. ಐಡ್ಲಿಂಗಿನಲ್ಲಿ ಇಂಜಿನ್ ಬಹಳ ನಿಧಾನವಾಗಿ ಕಾಯುತ್ತದೆ. ಅಷ್ಟು ಹೊತ್ತೂ ಹೆಚ್ಚುವರಿ ಪೆಟ್ರೋಲ್ ಬೋರನ್ನು ತೊಳೆಯುತ್ತಲೇ ಇರುತ್ತದೆ. ಟೈರು, ಶಾಕ್ ಅಬ್ಸಾರ್ಬರುಗಳಂತೂ ಚಕ್ರ ಉರುಳದೆ ಹದಕ್ಕೆ ಬರುವುದೇ ಇಲ್ಲ. ಹೊಗೆ ಶುದ್ಧ ಮಾಡಲು ಸೈಲೆನ್ಸರಿನ ದಾರಿಯಲ್ಲಿಟ್ಟ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಕಾಯುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಲ್ಲಿಯವರೆಗಿನ ವಿಷವೆಲ್ಲ ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮುಚ್ಚಿದ ಶೆಡ್ಡಿನಲ್ಲಾದರೆ ಜೀವವನ್ನೇ ತೆಗೆಯುತ್ತದೆ. ನಮ್ಮ ಗಾಡಿಯ ಆಯುಷ್ಯಕ್ಕಾಗಿ ಪಕ್ಕದ ಮನೆಯ ಅಜ್ಜಿ ಕೆಮ್ಮಬೇಕಾಗಿ ಬಂದರೆ ಅದನ್ನು ತಾಳ್ಮೆ ಎನ್ನಲಾಗದು. ಬೆಲೆಯನ್ನು ಬೇರೆಯವರ ತಲೆಗೆ ಕಟ್ಟುವ ಒಳ್ಳೆಯತನ ಒಳ್ಳೆಯತನವೇ ಅಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇನ್ನೂ ನಮ್ಮ ಊರುಗಳಲ್ಲಿ ಓಡುತ್ತಿವೆ. ಕಾರ್ಬುರೇಟರಿನ ಮೇಲಿನ ಗುಂಡಿ ಒತ್ತಿ ಪೆಟ್ರೋಲ್ ತುಂಬಿಸಿ, ಕಿಕ್ ಹೊಡೆದು, ಸದ್ದು ಒಂದೇ ಸಮನಾಗುವವರೆಗೆ ಕಿವಿಗೊಟ್ಟು ನಿಲ್ಲುವುದನ್ನು ಆ ಗಾಡಿಗಳೇ ಸವಾರನಿಗೆ ಕಲಿಸುತ್ತಿದ್ದವು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾಲಿನ್ಯ ನಿಯಮ ಬಂದ ಮೇಲೆ ಹೆಚ್ಚುಕಡಿಮೆ ಎಲ್ಲ ಹೊಸ ಪೆಟ್ರೋಲ್ ಗಾಡಿಗಳಿಗೂ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಇಂಜಿನ್ ಎಷ್ಟು ತಣ್ಣಗಿದೆಯೆಂದು ಸೆನ್ಸರ್ ತಿಳಿಸುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರ್ ಕೊಡುತ್ತದೆ. ಚೋಕ್ ಎಳೆಯುವ ಕೆಲಸ ತಪ್ಪಿತು, ನಿಜ. ಆದರೆ ಲೋಹ ಹಿಗ್ಗುವುದಕ್ಕೂ ಆಯಿಲ್ ಕಾಯುವುದಕ್ಕೂ ಬೇಕಾದ ಹೊತ್ತನ್ನು ಯಾವ ಸೆನ್ಸರೂ ಕಡಿಮೆ ಮಾಡಿಲ್ಲ. ಹಳೆಯ ಗಾಡಿ ಕೇಳಿ ಪಡೆಯುತ್ತಿದ್ದ ತಾಳ್ಮೆಯನ್ನು ಹೊಸ ಗಾಡಿಗೆ ನಾವಾಗಿಯೇ ಕೊಡಬೇಕು.

ಕೊಡುವ ಬಗೆ ಸರಳ. ಸ್ಟಾರ್ಟ್ ಮಾಡಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಸೈಡ್ ಸ್ಟ್ಯಾಂಡ್ ಎತ್ತುವಷ್ಟು ಹೊತ್ತು ಸಾಕು. ಆಮೇಲೆ ಹೊರಡಿ. ಮೊದಲ ಎರಡು ಕಿಲೋಮೀಟರು ಇಂಜಿನ್ನನ್ನು ಕಿರುಚಿಸದೆ, ಹೆಚ್ಚು ಎಳೆಸದೆ ಸಾಗಿ. ಹುಬ್ಬಳ್ಳಿ-ಧಾರವಾಡದ ಹಿಂದೂಸ್ತಾನಿ ಗಾಯಕರು ಬೆಳಗಿನ ಸಾಧನೆಯನ್ನು ಮಂದ್ರದ ಸ್ವರಗಳಿಂದ ಶುರುಮಾಡುತ್ತಾರೆ. ಗಂಟಲು ತಾನಾಗಿ ಕಾಯಲಿ ಎಂದು ಸುಮ್ಮನೆ ಕೂರುವುದಿಲ್ಲ, ಎದ್ದವರೇ ತಾರಸ್ಥಾಯಿಗೂ ಹಾರುವುದಿಲ್ಲ. ಹಾಡುತ್ತಲೇ ಹದಕ್ಕೆ ಬರುತ್ತಾರೆ. ಇಂಜಿನ್ನಿಗೂ ಅದೇ ದಾರಿ.

ಮನುಷ್ಯರ ವಿಷಯದಲ್ಲಿ ನಾವು ಈ ನಡುದಾರಿಯನ್ನು ಎಷ್ಟು ಸಲ ತಪ್ಪುತ್ತೇವೆ! ಕೆಲಸಕ್ಕೆ ಸೇರಿದ ಹೊಸ ಹುಡುಗನ ಮೇಲೆ ಮೊದಲ ದಿನವೇ ಇಡೀ ಹೊರೆ ಹೇರುತ್ತೇವೆ. ಇಲ್ಲವೇ “ಸ್ವಲ್ಪ ದಿನ ನೋಡ್ಕೊಂಡಿರು” ಎಂದು ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರಿಸುತ್ತೇವೆ. ಹೆರಿಗೆ ರಜೆ ಮುಗಿಸಿ ಬಂದ ಹೆಣ್ಣುಮಗಳಿಗೆ ಒಂದೋ ಉಸಿರಾಡಲು ಬಿಡುವುದಿಲ್ಲ, ಇಲ್ಲವೇ ಕರುಣೆಯ ಹೆಸರಿನಲ್ಲಿ ಇದ್ದ ಜವಾಬ್ದಾರಿಯನ್ನೆಲ್ಲ ಕಿತ್ತುಕೊಳ್ಳುತ್ತೇವೆ. ಒಂದು ಕಠೋರವಾಗಿ ಕಾಣುತ್ತದೆ, ಇನ್ನೊಂದು ಮೃದುವಾಗಿ ಕಾಣುತ್ತದೆ. ಎರಡರಲ್ಲೂ ಎದುರಿನ ಜೀವವನ್ನು ನೋಡುವ ಶ್ರಮವನ್ನು ನಾವು ತಪ್ಪಿಸಿಕೊಂಡಿರುತ್ತೇವೆ. ಈಗಷ್ಟೇ ಶುರುಮಾಡಿದವರಿಗೆ ಕೊಡಬೇಕಾದದ್ದು ಹಗುರವಾದ, ಆದರೆ ನಿಜವಾದ ಕೆಲಸ. ಅವರು ಹದಕ್ಕೆ ಬರುವವರೆಗೆ ನಮ್ಮ ಕಿವಿಯೂ ಅವರ ಕಡೆಗಿರಬೇಕು. ಅಷ್ಟು ಗಮನ ಕೊಡಲಾಗದವನಿಗೆ ಇನ್ನೊಬ್ಬರಿಂದ ಪೂರ್ತಿ ವೇಗ ಕೇಳುವ ಹಕ್ಕಿಲ್ಲ.