ಆಟೋ ಯಾವ ಕ್ಲಾಸಿಗೆ ಸೇರಬೇಕು?

ಚಿತ್ರದಲ್ಲಿರುವ ವಸ್ತುಗಳನ್ನು ಗುರುತಿಸೋಕೆ ಮಾಡೆಲ್‌ಗೆ ಕಲಿಸಬೇಕಾದರೆ, ಮೊದಲು ಯಾರೋ ಕೂತು ಒಂದೊಂದರ ಸುತ್ತ ಬಾಕ್ಸ್ ಎಳೆದು ಹೆಸರು ಕೊಡಬೇಕು. ಆ ಬಾಕ್ಸನ್ನು ಬರೆದಿಡುವ ರೀತಿ ಹಲವು. ಪ್ಯಾಸ್ಕಲ್ ವಿಓಸಿ ಎದುರುಬದುರಿನ ಎರಡು ಮೂಲೆ ಹೇಳುತ್ತೆ. ಕೊಕೊ ಒಂದು ಮೂಲೆ, ಅಗಲ, ಎತ್ತರ ಹೇಳುತ್ತೆ. ಯೋಲೋ ನಡುಬಿಂದು, ಅಗಲ, ಎತ್ತರಗಳನ್ನು 0ಯಿಂದ 1ರೊಳಗಿನ ಅಳತೆಯಲ್ಲಿ ಹೇಳುತ್ತೆ. ಒಂದರಿಂದ ಇನ್ನೊಂದಕ್ಕೆ ಬದಲಿಸೋದು ಹೈಸ್ಕೂಲ್ ಲೆಕ್ಕ.

ತೊಡಕು ಇರೋದು ಹೆಸರಿನಲ್ಲಿ. ಬೆಂಗಳೂರು, ಹೈದರಾಬಾದಿನ ರಸ್ತೆಗಳಲ್ಲಿ ಚಿತ್ರ ತೆಗೆದು ಮಾಡಿದ ಇಂಡಿಯಾ ಡ್ರೈವಿಂಗ್ ಡೇಟಾಸೆಟ್‌ನಲ್ಲಿ ಆಟೋಗೆ ಅದರದೇ ಕ್ಲಾಸ್ ಇದೆ. ಕೊಕೊದ 80 ಕ್ಲಾಸ್‌ಗಳಲ್ಲಿ ಜಿರಾಫೆ ಇದೆ, ಸ್ನೋಬೋರ್ಡ್ ಇದೆ, ಆಟೋ ಇಲ್ಲ. ಹೆಬ್ಬಾಳ ಫ್ಲೈಓವರ್ ಕೆಳಗೆ ಐದು ನಿಮಿಷ ನಿಂತು ನೋಡಿ, ಜಿರಾಫೆ ಎಷ್ಟು ಬರುತ್ತೆ ಅಂತ!

ಹಾಗಾದರೆ ಮೊದಲನೆಯದನ್ನು ಎರಡನೆಯದರ ಪಟ್ಟಿಗೆ ಹೊಂದಿಸುವಾಗ ಆಟೋವನ್ನು ಏನು ಮಾಡೋದು? ಕಾರು ಅಂತ ಬರೆದರೆ ಸುಳ್ಳು. ಬಿಟ್ಟುಬಿಡೋದೇ ಪ್ರಾಮಾಣಿಕತೆ ಅನ್ನಿಸುತ್ತೆ. ಹೆಸರಿಲ್ಲದ್ದರ ಬಗ್ಗೆ ಸುಮ್ಮನಿದ್ದೆವು, ಅಷ್ಟೇ ತಾನೆ?

ಅಷ್ಟೇ ಅಲ್ಲ. ಮಾಡೆಲ್‌ಗೆ ಮೌನ ಅನ್ನೋದು ಅರ್ಥವಾಗಲ್ಲ. ಬಾಕ್ಸ್ ಇಲ್ಲದ ಜಾಗವನ್ನೆಲ್ಲ ಅದು ಹಿನ್ನೆಲೆ ಅಂತ ಕಲಿಯುತ್ತೆ. ನಾವು ಬಿಟ್ಟ ಆಟೋ ಅದಕ್ಕೆ ಗೋಡೆ, ಆಕಾಶ, ಟಾರು ರಸ್ತೆಗೆ ಸಮ. ನಾವು ಏನೂ ಹೇಳಲಿಲ್ಲ ಅಂದುಕೊಂಡಿರ್ತೀವಿ. ನಿಜಕ್ಕೂ 'ಇಲ್ಲಿ ಏನೂ ಇಲ್ಲ' ಅಂತ ಸಾಕ್ಷಿ ಹೇಳಿರ್ತೀವಿ.

ಹಳ್ಳಿಯಿಂದ ಬಂದವರಿಗೆ ಇದು ಹೊಸದೇನಲ್ಲ. ಬಾಯಿಮಾತಿನ ಮೇಲೆ ಗುತ್ತಿಗೆಗೆ ಹೊಲ ಮಾಡುವವನ ಹೆಸರು ಪಹಣಿಯಲ್ಲಿ ಇರಲ್ಲ. ಬೆಳೆ ಹೋದಾಗ ಪರಿಹಾರ ಕೇಳಿದರೆ, ಬೆವರು ಸುರಿಸಿದವನು ಕಾಗದದ ಪ್ರಕಾರ ಆ ಹೊಲದಲ್ಲಿ ಇರಲೇ ಇಲ್ಲ. ಅವನು ಇಲ್ಲ ಅಂತ ಯಾರೂ ಬರೆದಿರಲ್ಲ. ಇದ್ದಾನೆ ಅಂತಲೂ ಬರೆದಿರಲ್ಲ, ಅಷ್ಟು ಸಾಕು.

'ನಮಗೆ ಬೇಕಿರೋದು ಬರೀ ಕಾರು, ಎಲ್ಲವನ್ನೂ ಯಾಕೆ ಎಣಿಸಬೇಕು?' ಅಂತ ನೀವು ಕೇಳಬಹುದು. ಮಾಲ್ ಪಾರ್ಕಿಂಗ್‌ನಲ್ಲಿ ಕಾರು ಎಣಿಸೋಕಾದರೆ ಸರಿ, ಆಟೋ ಬಿಡಿ. ಬ್ರೇಕ್ ಹಾಕಬೇಕಾದ ಗಾಡಿಗಾದರೆ ಅದೇ ಬಿಡುವಿಕೆ ಜೀವದ ಮಾತು. ಸ್ಕ್ರಿಪ್ಟ್ ಎರಡಕ್ಕೂ ಒಂದೇ. ಇವತ್ತು ಪಾರ್ಕಿಂಗಿಗೆ ಅಂತ ಬದಲಿಸಿದ ಫೈಲು ನಾಳೆ ಯಾರ ಕೈಗೆ ಹೋಗುತ್ತೋ!

ಎಲ್ಲ ಹೆಸರಿಗೂ ಜಾಗ ಮಾಡೋಕೆ ಆಗದಿರಬಹುದು. ಆದರೆ ಗೊತ್ತಿರುವ ಆಟೋ ಇರುವ ಜಾಗವನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಮಾಡೆಲ್‌ಗೆ ಹೇಳುವ ದಾರಿ ಇದೆ. ಅದೂ ಆಗದಿದ್ದರೆ, ಏನನ್ನು ಬಿಟ್ಟೆವು, ಎಷ್ಟು ಬಿಟ್ಟೆವು ಅಂತ ಫೈಲಿನ ಜೊತೆ ಎರಡು ಸಾಲು ಬರೆದಿಡಬಹುದು. ಬಿಡೋದು ತಪ್ಪಲ್ಲ. ಬಿಟ್ಟದ್ದನ್ನು ಇರಲೇ ಇಲ್ಲ ಅನ್ನೋ ಹಾಗೆ ದಾಟಿಸೋದು ತಪ್ಪು.